ಬಾಗಿಲಿಗೆ ಬಂದ ಹೆಣದ ಹೆಸರು

ಮುದ್ದೇಬಿಹಾಳದ ಒಂದು ಖಾಸಗಿ ವಸತಿನಿಲಯದ ಗುತ್ತಿಗೆದಾರನಿಂದ ದಾವಲಮಲಿಕ ನದಾಫನಿಗೆ ಗಾದಿ ಹೊಲಿದ ಕೂಲಿ ಇನ್ನೂ ಬರಬೇಕಾಗಿದೆ. ಕೊಡುವುದಿಲ್ಲ ಎಂದು ಆ ಮನುಷ್ಯ ಅಂದಿಲ್ಲ. "ಸತ್ತವರ ಖಾತೆಕ್ಕ ರೊಕ್ಕ ಹಾಕಾಕ ಬರೂದಿಲ್ರಿ" ಅಂದಿದ್ದಾನೆ. ಅಂದದ್ದು ದಾವಲಮಲಿಕನ ಮುಖವನ್ನೇ ನೋಡಿಕೊಂಡು, ಅವನ ಕೈಗೆ ಚಹಾದ ಕಪ್ಪು ಕೊಡುತ್ತ. ನಾನು ಪಕ್ಕದಲ್ಲೇ ಕೂತಿದ್ದೆ. ಕೂಲಿಗಾಗಿ ನಮ್ಮ ಕೂಲಿಕಾರರ ಸಂಘದವರು ಎಷ್ಟೋ ಬಾಗಿಲುಗಳ ಮುಂದೆ ಧರಣಿ ಕೂತಿದ್ದೇವೆ, ಲಾಠಿಯನ್ನೂ ತಿಂದಿದ್ದೇವೆ. ಸತ್ತವನ ಕೂಲಿ ಕೇಳಲು ಸತ್ತವನನ್ನೇ ಕರೆದುಕೊಂಡು ಹೋದದ್ದು ಮಾತ್ರ ಅದೇ ಮೊದಲು.

ದಾವಲಮಲಿಕ ಸಿಂದಗಿ ತಾಲೂಕಿನ ಯಂಕಂಚಿಯವನು. ಐವತ್ತು ದಾಟಿದ ಆಳು, ಕಡ್ಡಿಯಂಥ ಮೈ, ಹುಬ್ಬಿನ ಮೇಲೆ ಯಾವಾಗಲೂ ಅರಳೆಯ ಎಳೆ. ಅವನ ಅಪ್ಪ ಬಿಲ್ಲು ಹಿಡಿದು ಅರಳೆ ಹೊಡೆಯುತ್ತಿದ್ದ. ಇವನು ಸಣ್ಣ ಯಂತ್ರವನ್ನು ಬಾಡಿಗೆಯ ಟಂಟಂ ಆಟೋಗೆ ಹೇರಿಕೊಂಡು ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಯ ಓಣಿಗಳನ್ನು ಸುತ್ತುತ್ತಾನೆ. ಮದುವೆ ಮನೆಗೆ ಹೊಸ ಗಾದಿ, ಉಳಿದವರಿಗೆ ಹಳೆಯದನ್ನೇ ಬಿಚ್ಚಿ ಹೊಡೆದು ಮತ್ತೆ ಹೊಲಿದದ್ದು.

ಹಳೆ ಗಾದಿಯಲ್ಲಿ ಮಲಗಿದವರ ತಗ್ಗು ಉಳಿದಿರುತ್ತದೆ. ಯಾವ ಮಗ್ಗುಲಿಗೆ ಮಲಗುತ್ತಿದ್ದರು, ಮೊಣಕಾಲು ಮಡಚುತ್ತಿದ್ದರೋ ಇಲ್ಲವೋ, ಕಡೆಗಾಲದಲ್ಲಿ ಹೊರಳಲಾಗದೆ ಬಿದ್ದಿದ್ದರೋ, ಎಲ್ಲವೂ ಅರಳೆಯಲ್ಲಿ ಕೂತುಬಿಟ್ಟಿರುತ್ತದೆ. ಸತ್ತವರ ಗಾದಿ ಬಂದರೆ ದಾವಲಮಲಿಕ ಒಲ್ಲೆ ಅನ್ನುವುದಿಲ್ಲ. ಹೊಲಿಗೆ ಬಿಚ್ಚುವ ಮೊದಲು ಆ ತಗ್ಗಿನ ಮೇಲೆ ಅಂಗೈ ಆಡಿಸುತ್ತಾನೆ, ತಲೆಯ ಕಡೆಯಿಂದ ಕಾಲಿನ ಕಡೆಗೆ. ಯಾಕೆ ಎಂದು ಕೇಳಿದರೆ, ಎದ್ದು ಹೋಗಲಿ ಅಂತ, ಅನ್ನುತ್ತಾನೆ. ಅವನ ಅಪ್ಪನೂ ಹಾಗೇ ಮಾಡುತ್ತಿದ್ದನಂತೆ.

ಊರ ಗಾದಿಯೆಲ್ಲ ಹೊಲಿಯುವ ಈ ಮನುಷ್ಯನ ಪಾಕೀಟಿನ ಹೊಲಿಗೆ ಬಿಟ್ಟು ವರ್ಷವಾಗಿತ್ತು. ಜೋಳ ಕೀಳುವ ದಿನಗಳಲ್ಲಿ ಹಲಸಂಗಿಯಲ್ಲಿ ಕೆಲಸ ಮುಗಿಸಿ, ಇಂಡಿಯ ನಿಲ್ದಾಣದಲ್ಲಿ ಬಸ್ಸಿಗೆ ನುಗ್ಗುವಾಗ ಅದು ಹೋಯಿತು. ಕದ್ದರೋ, ಬಿತ್ತೋ, ಅವನಿಗೆ ಗೊತ್ತಿಲ್ಲ. ಒಳಗೆ ಆಧಾರ್ ಕಾರ್ಡು, ಹಿಂದೆ ಫೋನ್ ನಂಬರು ಬರೆದಿದ್ದ ರೇಷನ್ ಕಾರ್ಡು, ಬ್ಯಾಂಕಿನ ಕಾರ್ಡು, ಹೆಂಡತಿ ಸಗೀರಾಳ ಹರೆಯದ ಕಾಲದ ಒಂದು ಫೋಟೊ. ಚಿಲ್ಲರೆ ರೊಕ್ಕ ಇತ್ತು, ಅದರ ಮಾತು ಬಿಡಿ.

ಪೊಲೀಸ್ ಠಾಣೆ ನಿಲ್ದಾಣದಿಂದ ದೂರವೇನೂ ಇರಲಿಲ್ಲ. ಅವನು ಹೋಗಲಿಲ್ಲ. "ನನ್ನ ಪಾಕೀಟಿನಾಗ ಏನೈತಿ ಕದಿಯಾಕ" ಅಂದುಕೊಂಡು ಮನೆಗೆ ಬಂದ. ಮನೆಯಲ್ಲಿ ಸಗೀರಾ ನಮ್ಮ ಕಡೆಯ ಹೆಂಗಸರು ಮಾಡುವುದನ್ನೇ ಮಾಡಿದಳು. ಉಟ್ಟ ಸೀರೆಯ ಸೆರಗಿಗೆ ಗಂಟು ಹಾಕಿ, ಪಾಕೀಟು ಮನೆಗೆ ಬಂದರೆ ದರ್ಗಾದಲ್ಲಿ ಸಕ್ಕರೆ ಓದಿಸುತ್ತೇನೆ ಎಂದು ಬೇಡಿಕೊಂಡಳು. ಗಂಟು ಹಾಕಿದ ಮೇಲೆ ಮನಸ್ಸಿಗೆ ಸಮಾಧಾನವಾಯಿತು. ಸಮಾಧಾನವಾದ ಮೇಲೆ ಠಾಣೆ ಮರೆತೇಹೋಯಿತು.

ಗಂಟು ಹಾಕಿದ್ದು ತಪ್ಪು ಎಂದು ನಾನು ಹೇಳುವುದಿಲ್ಲ. ಹಾಕಿ ಸುಮ್ಮನೆ ಕೂತದ್ದು ತಪ್ಪು. ಅವತ್ತೇ ಠಾಣೆಗೆ ಹೋಗಿ ದೂರು ಕೊಟ್ಟು, ಸ್ವೀಕೃತಿಯ ಚೀಟಿ ಇಸಿದುಕೊಳ್ಳಬೇಕಿತ್ತು. ಬ್ಯಾಂಕಿಗೆ ಫೋನ್ ಮಾಡಿ ಕಾರ್ಡು ಬಂದ್ ಮಾಡಿಸಬೇಕಿತ್ತು. 1947ಕ್ಕೆ ಫೋನ್ ಹಚ್ಚಿ ಆಧಾರ್‌ಗೆ ಬೀಗ ಹಾಕುವುದು ಹೇಗೆ ಎಂದು ಕೇಳಬೇಕಿತ್ತು. ಇವೆಲ್ಲ ರೊಕ್ಕ ಇದ್ದವರ ಕೆಲಸ ಎಂದು ನಮ್ಮ ಮಂದಿ ತಿಳಿದಿದ್ದಾರೆ. ಬಡವನ ಪಾಕೀಟಿನಲ್ಲಿ ಕದಿಯುವ ಮಾಲು ಅವನ ಬಡತನವೇ. ಆ ಬಡತನಕ್ಕೊಂದು ಕಾರ್ಡು ಇರುತ್ತದೆ, ಆ ಕಾರ್ಡಿಗೆ ಅಕ್ಕಿ ಸಿಗುತ್ತದೆ, ಔಷಧ ಸಿಗುತ್ತದೆ. ಕಾರ್ಡಿಲ್ಲದ ಬಡವನಿಗೆ ಅದು ಬಂಗಾರ.

ಸ್ವಲ್ಪ ದಿನಕ್ಕೆ ಒಂದು ಫೋನ್ ಬಂತು. ಗಂಡಸಿನ ದನಿ, ನಮ್ಮ ಕಡೆಯದೇ ಮಾತು. ಎರಡು ಶಬ್ದಕ್ಕೊಮ್ಮೆ ಉಸಿರು ಕಟ್ಟುತ್ತಿತ್ತು.

"ಅಣ್ಣಾ, ನಿಮ್ಮ ಫೋನಿಗಿ ಒಂದು ನಂಬರ ಬಂದಿರತೈತಿ. ಅಷ್ಟ ಹೇಳಿಬಿಡ್ರಿ."

ದಾವಲಮಲಿಕ ಗ್ಯಾಸ್ ಸಿಲಿಂಡರಿನವನು ಎಂದುಕೊಂಡು ನಂಬರು ಓದಿ ಹೇಳಿದ. ಆ ಕಡೆಯವನು ಫೋನ್ ಇಡಲಿಲ್ಲ. "ನಿಮ್ಮ ಮಕ್ಕಳು ತಣ್ಣಗಿರ್ಲಿ" ಎಂದ. ಸಿಲಿಂಡರಿನವರು ಹಾಗೆಲ್ಲ ಅನ್ನುವುದಿಲ್ಲ ಎಂದು ದಾವಲಮಲಿಕನಿಗೆ ಆಗಲೇ ಅನಿಸಿತ್ತಂತೆ. ಮಕ್ಕಳು ಅವನಿಗೆ ಇಲ್ಲ.

ಅಲ್ಲಿಂದ ಶುರುವಾಯಿತು. ಒಂದು ದಿನ ಆಸ್ಪತ್ರೆಯೊಂದರಿಂದ ಹುಡುಗಿಯ ದನಿ. ದಾವಲಮಲಿಕ ನದಾಫ ಅಲ್ಲವೇ ಎಂದು ಕೇಳಿದಳು. ಹೌದು ಎಂದ. ಯಂಕಂಚಿಯವರಲ್ಲವೇ ಎಂದಳು. ಹೌದು ಎಂದ. "ನಿಮ್ಮ ರಕ್ತಾ ತೊಳಿಯೂ ದಿನಾ ಇವತ್ತ. ಯಾಕ ಬಂದಿಲ್ಲ?"

ತನಗೆ ಏನೂ ಆಗಿಲ್ಲ ಎಂದು ಇವನು ಹೇಳಿದ. ಎಲ್ಲರೂ ಹಾಗೇ ಅನ್ನುತ್ತಾರೆ ಎಂದಳು ಆಕೆ. ಇವನ ಹುಟ್ಟಿದ ದಿನ ಓದಿದಳು, ಅಪ್ಪನ ಹೆಸರು ಓದಿದಳು, ಎರಡೂ ಕಿಡ್ನಿ ಹೋಗಿವೆ, ತಪ್ಪಿಸಿದರೆ ಉಳಿಯುವುದಿಲ್ಲ ಎಂದು ಮೆಲ್ಲಗೆ ಗದರಿ ಇಟ್ಟಳು. ಅವಳ ದನಿಯಲ್ಲಿ ಕಾಳಜಿ ಇತ್ತು. ಅದೇ ಇವನನ್ನು ಹೆದರಿಸಿದ್ದು. ಮೋಸಗಾರರಾದರೆ ಬೈದು ಬಿಡಬಹುದು. ನಿನಗೆ ಗೊತ್ತಿಲ್ಲದ ನಿನ್ನ ಜಡ್ಡಿಗೆ ಮರುಗುವವಳಿಗೆ ಏನೆಂದು ಬೈಯುವುದು?

ಫೋನುಗಳು ಬರುತ್ತಲೇ ಇದ್ದವು. ನೀರು ಕಡಿಮೆ ಕುಡಿಯಿರಿ, ಉಪ್ಪು ಬಿಡಿ, ಕಾಲು ಬಾತಿದೆಯೇ ನೋಡಿಕೊಳ್ಳಿ. ದಾವಲಮಲಿಕ ಕಾಲು ನೋಡಿಕೊಳ್ಳತೊಡಗಿದ. ಬಿಸಿಲಲ್ಲಿ ಅರಳೆ ಹೊಡೆದು ಬಂದವನು ಅರ್ಧ ತಂಬಿಗೆ ನೀರು ಕುಡಿದು ಇಟ್ಟುಬಿಡುತ್ತಿದ್ದ. ಸಗೀರಾ ಉಪ್ಪು ಹಾಕಿದ್ದಾಳೋ ಇಲ್ಲವೋ ಎಂದು ಅವನು ಸಾರನ್ನು ಬೆರಳಿಂದ ನೆಕ್ಕಿ ನೋಡುತ್ತಿದ್ದ. ನಮ್ಮ ಮನೆಗೆ ಗಾದಿ ಹೊಡೆಯಲು ಬಂದಾಗ ಅವನು ನನಗೆ ಒಂದು ಮಾತು ಹೇಳಿದ, ನಾನು ನಕ್ಕುಬಿಟ್ಟೆ.

"ನನ್ನ ತಗ್ಗಿನಾಗ ಯಾವನೋ ಮಲಗ್ಯಾನ. ನಾ ಎದ್ದಾಗ ಅಂವ ಮಲಗತಾನ."

ಆಗಲೂ ಠಾಣೆಗೆ ಹೋಗಲು ಸಮಯವಿತ್ತು. ಇಂಥ ಮೋಸಕ್ಕೆ ಫೋನ್ ಮಾಡಲೆಂದೇ 1930 ಎಂಬ ನಂಬರಿದೆ. ಅವನಿಗೆ ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು, ನಾನು ನಕ್ಕೆ.

ಬಿಸಿಲು ನೆತ್ತಿ ಸುಡುವ ದಿನಗಳು. ಬಾಗೇವಾಡಿ ಹತ್ತಿರದ ಇಂಗಳೇಶ್ವರದಲ್ಲಿ ಒಂದು ಮದುವೆ ಮನೆಯ ಗಾದಿ ತುಂಬುತ್ತಿದ್ದಾಗ ಮತ್ತೆ ಆಸ್ಪತ್ರೆಯ ಫೋನು. ಅದೇ ಹುಡುಗಿ. ಈ ಸಲ ಗದರಲಿಲ್ಲ. ದಾವಲಮಲಿಕ ನದಾಫರ ಮನೆಯವರೇ ಎಂದು ಕೇಳಿದಳು. ಅವರು ತೀರಿಕೊಂಡರು ಎಂದಳು.

"ನಾನ ದಾವಲಮಲಿಕ" ಅಂದ ಇವನು.

ಆ ಕಡೆ ಹಾಳೆ ತಿರುವಿದ ಸದ್ದು ಕೇಳಿಸಿತು. ಆಮೇಲೆ ಆಕೆ, ಅಣ್ಣ ತಮ್ಮಂದಿರಿಗೆ ಒಂದೇ ಹೆಸರು ಇಡುವುದು ಇರುತ್ತದೆ ಎಂದು ತನಗೆ ತಾನೇ ಹೇಳಿಕೊಂಡಳು. ಗಾಡಿಯಲ್ಲಿ ಕಳಿಸುತ್ತೇವೆ, ವಿಳಾಸ ಕಾರ್ಡಿನಲ್ಲಿ ಇದೆ, ಎಂದಳು. ಇವನು ಫೋನ್ ಬಂದ್ ಮಾಡಿದ. ಅರ್ಧ ತುಂಬಿದ ಗಾದಿಯನ್ನು ಹಾಗೇ ಬಿಟ್ಟು ಬಸ್ಸು ಹತ್ತಿ ಊರಿಗೆ ಬಂದ. ತನಗಿಂತ ಮೊದಲು ತನ್ನ ಹೆಣ ಮನೆ ಮುಟ್ಟಿಬಿಡುತ್ತದೆ ಎಂಬ ಹೆದರಿಕೆ ದಾರಿಯುದ್ದಕ್ಕೂ ಇತ್ತಂತೆ.

ಅವನೇ ಮೊದಲು ಮುಟ್ಟಿದ. ಗಾಡಿ ಮರುದಿನ ಮಧ್ಯಾಹ್ನ ಬಂತು. ಬಿಳಿ ಗಾಡಿ ಯಂಕಂಚಿಯ ಓಣಿಯಲ್ಲಿ ಮನೆ ಕೇಳುತ್ತ ಬಂತು. ಕೇಳಿದವರೆಲ್ಲ ಡ್ರೈವರನಿಗೆ ದಾರಿ ತೋರಿಸಿ, ಗಾಡಿಯ ಹಿಂದೆಯೇ ನಡೆದು ಬಂದು, ಬಾಗಿಲಲ್ಲಿ ನಿಂತ ದಾವಲಮಲಿಕನನ್ನು ನೋಡಿ ಹೆಜ್ಜೆ ಹಿಂದಿಟ್ಟರು. ಒಬ್ಬ ಮುದುಕಿ ಅವನ ತೋಳು ಚಿವುಟಿದಳು.

ಡ್ರೈವರ್ ಬೆವರುತ್ತಿದ್ದ, ಇನ್ನೊಂದು ಊರಿಗೆ ಹೋಗಬೇಕಿತ್ತು. ಯಾರಾದರೂ ಸಹಿ ಮಾಡಿ ಇಳಿಸಿಕೊಳ್ಳಿ ಎಂದ. ಇವನು ನಮ್ಮ ಮನೆಯವನಲ್ಲ ಎಂದಳು ಸಗೀರಾ. ಅವನು ಚೀಟಿ ನೋಡಿ, ಹೆಂಡತಿ ಸಗೀರಾ ಯಾರು ಎಂದು ಕೇಳಿದ. ನಾನೇ ಎಂದಳು. "ಮತ್ತ ಏನವ್ವಾ" ಅಂದ ಡ್ರೈವರ್.

ಅಲ್ಲಿಯೇ ಪೊಲೀಸರನ್ನು ಕರೆಯಬೇಕಿತ್ತು. ಕರೆದರೆ, ನಿನ್ನ ಕಾರ್ಡು ಅವನ ಹತ್ತಿರ ಹೇಗೆ ಹೋಯಿತು ಎಂದು ಮೊದಲು ದಾವಲಮಲಿಕನನ್ನೇ ಕೇಳುತ್ತಾರೆ, ಕಳೆದುಕೊಂಡೆ ಎಂಬುದಕ್ಕೆ ತೋರಿಸಲು ಚೀಟಿಯಿಲ್ಲ. ಎಲ್ಲರೂ ಮೀರಾಸಾಬನ ಮುಖ ನೋಡಿದರು. ಊರಲ್ಲಿ ಹೆಣ ತೊಳೆಯುವವನು ಮೀರಾಸಾಬ. ಎಂಬತ್ತರ ಮುದುಕ, ಹೆಚ್ಚು ಮಾತಾಡುವವನಲ್ಲ.

"ಬಾಗಿಲಿಗಿ ಬಂದ ಹೆಣ ಹೊಳ್ಳಿ ಕಳಸೂದು ನಮ್ಮಲ್ಲಿಲ್ಲ. ಹೆಸರು ಆಮ್ಯಾಲೆ ನೋಡೂಣು. ಬಿಸಲ ನೋಡ್ರಿ ಎಷ್ಟೈತಿ."

ಸಗೀರಾ ಸಹಿ ಮಾಡಿದಳು. ದಾವಲಮಲಿಕ ನದಾಫನ ಹೆಂಡತಿ ಎಂದು ಬರೆದು, ದಾವಲಮಲಿಕ ನದಾಫನ ಹೆಣ ಇಸಿದುಕೊಂಡಳು. ಪೆನ್ನು ಕೊಟ್ಟದ್ದು ಪಕ್ಕದಲ್ಲಿ ನಿಂತಿದ್ದ ದಾವಲಮಲಿಕ.

ಹೆಣದ ಜೊತೆಗೆ ಒಂದು ಪ್ಲಾಸ್ಟಿಕ್ ಚೀಲ ಕೊಟ್ಟು ಗಾಡಿ ಹೋಯಿತು. ಚೀಲದಲ್ಲಿ ಒಂದು ಬಾಚಣಿಗೆ, ಒಂದು ಟವೆಲ್ಲು, ಮತ್ತೆ ಪಾಕೀಟು. ಇವನದೇ ಪಾಕೀಟು. ಕಾರ್ಡುಗಳೆಲ್ಲ ಇದ್ದವು. ಸಗೀರಾಳ ಫೋಟೊ ಇತ್ತು, ಸತ್ತವನು ಅದನ್ನು ಮೂಲೆ ಮುದುಡದ ಹಾಗೆ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಇಟ್ಟಿದ್ದ. ಒಂದು ಕಾಗದದ ಮಡಿಕೆಯಲ್ಲಿ ಚಿಟಿಕೆ ಭಂಡಾರ ಇತ್ತು, ದೇವರ ಗುಡಿಯ ಅರಿಶಿನ. ಅದು ಇವನದಲ್ಲ. ಬಿಟ್ಟಿದ್ದ ಹೊಲಿಗೆಯನ್ನು ಯಾರೋ ಹಸಿರು ದಾರದಿಂದ ಹೊಲಿದಿದ್ದರು. ದಾವಲಮಲಿಕ ಆ ಹೊಲಿಗೆಯನ್ನು ಬಹಳ ಹೊತ್ತು ನೋಡಿದ. ಹೊಲಿಗೆ ಬಾರದ ಕೈ, ಒಂದೇ ಅಳತೆಯಿಲ್ಲದ ಟಾಕು. ಆದರೆ ಕೊನೆಯಲ್ಲಿ ಬಿಚ್ಚದ ಹಾಗೆ ಭದ್ರ ಗಂಟು ಹಾಕಿತ್ತು.

ಸಗೀರಾ ಪಾಕೀಟು ಮುಟ್ಟಲಿಲ್ಲ. "ನಾ ಬೇಡಿಕೊಂಡದ್ದು ಪಾಕೀಟ ಅಷ್ಟ. ಇದನ್ನ ಬೇಡಿದ್ದಿಲ್ಲ" ಅಂದಳು.

ತೊಳೆಯುವಾಗ ಗೊತ್ತಾಗುವುದು ಮೀರಾಸಾಬನಿಗೆ ಗೊತ್ತಾಯಿತು. ಅವನು ಯಾರಿಗೂ ಹೇಳದೆ, ಖಬರಸ್ತಾನದ ಪಕ್ಕದ ಹೊಲದ ರೇವಪ್ಪನನ್ನು ಕರೆಸಿದ. ಸತ್ತವನ ಬಲತೋಳಿನ ಮೇಲೆ ಹಚ್ಚೆ ಇತ್ತು: ರುಕ್ಮವ್ವ. ಅವ್ವನೋ, ಅಕ್ಕನೋ, ಹೆಂಡತಿಯೋ.

"ರೇವಪ್ಪಾ, ಇಂವ ನಿಮ್ಮಂವ ಇದ್ದಂಗ ಕಾಣತಾನ" ಅಂದ ಮೀರಾಸಾಬ.

ರೇವಪ್ಪ ಹಚ್ಚೆ ಓದಿದ, ತಲೆ ಕೆರೆದುಕೊಂಡ. "ನಮ್ಮಂವ ಅಂದ್ರ ಯಾರಂವ? ನಮ್ಮಾಗ ಸುಡವ್ರೂ ಅದಾರ, ಹೂಳವ್ರೂ ಅದಾರ. ಕುಂಡ್ರಿಸಿ ಹೂಳವ್ರು ಬ್ಯಾರೆ. ಯಾರನ್ನ ಕೇಳೂದು? ಇಂವನ್ನ ಕೇಳಲೇನು?"

ಕೇಳಿದರೆ ಅವನು ಹೇಳುತ್ತಿರಲಿಲ್ಲ. ಬಿಸಿಲು ಇನ್ನೂ ಇಳಿದಿರಲಿಲ್ಲ. ಖಬರಸ್ತಾನ ಮುಗಿದು ರೇವಪ್ಪನ ಹೊಲದ ಬದು ಶುರುವಾಗುವ ಕಡೆ ತೋಡಿದರು, ಅರ್ಧ ಆ ಕಡೆ, ಅರ್ಧ ಈ ಕಡೆ. ಮೀರಾಸಾಬ ಬಾಯಲ್ಲೇ ಏನೋ ಓದಿದ. ರೇವಪ್ಪ ಒಂದು ಊದುಬತ್ತಿ ಹಚ್ಚಿದ. ಮುಖದ ಫೋಟೊ ಯಾರೂ ತೆಗೆಯಲಿಲ್ಲ. ಹೆಣದ ಫೋಟೊ ತೆಗೆಯುವುದು ಮರ್ಯಾದೆಯಲ್ಲ ಎಂದು ಆ ಓಣಿಯ ಹುಡುಗರಿಗೂ ಗೊತ್ತು. ಅವತ್ತು ಮರ್ಯಾದೆ ಮುರಿದಿದ್ದರೆ ಚೆನ್ನಾಗಿತ್ತು.

ಆಸ್ಪತ್ರೆಯಿಂದ ಸಾವಿನ ವರದಿ ಹೋಯಿತು, ಸಗೀರಾಳ ಸಹಿ ಅದಕ್ಕೆ ಅಂಟಿಕೊಂಡು ಹೋಯಿತು. ಮುಂದೆ ಎಲ್ಲವೂ ತಾನಾಗಿಯೇ ನಡೆಯಿತು. ರೇಷನ್ ಅಂಗಡಿಯಲ್ಲಿ ದಾವಲಮಲಿಕನ ಹೆಸರು ಮಾಯವಾಯಿತು. ಬ್ಯಾಂಕಿನವರು ಖಾತೆ ಮುಚ್ಚಿದರು. ಸಂಘಕ್ಕೆ ದೂರು ಹಿಡಿದು ಅವನು ಬಂದದ್ದು ಆಗ. ಇಬ್ಬರೂ ಠಾಣೆಗೆ ಹೋದೆವು. ಪಾಕೀಟು ಕಳೆದಾಗ ಯಾಕೆ ಬರಲಿಲ್ಲ ಎಂದರು. ಹೆಣ ಬಂದಾಗ ಯಾಕೆ ಕರೆಯಲಿಲ್ಲ ಎಂದರು. ದೂರು ಬರೆದುಕೊಂಡರು, ವಿಚಾರಣೆಯನ್ನೂ ಮಾಡಿದರು. ಅಣ್ಣಾ ಎಂದು ಫೋನ್ ಬಂದಿದ್ದ ನಂಬರು ಆಸ್ಪತ್ರೆಯ ಎದುರಿನ ಚಹಾದಂಗಡಿಯದು. ಯಾರ್ಯಾರೋ ಫೋನ್ ಕೇಳುತ್ತಾರೆ, ನೆನಪಿಲ್ಲ ಎಂದ ಅಂಗಡಿಯವನು. ಆಸ್ಪತ್ರೆಯ ಕಡತದಲ್ಲಿ ಇದ್ದದ್ದು ಇವನದೇ ಕಾರ್ಡಿನ ನಕಲು. ಹೆಬ್ಬೆಟ್ಟು ಕೂಡಿರಲಿಲ್ಲವಂತೆ. ದುಡಿಯುವವರ ಹೆಬ್ಬೆಟ್ಟು ಯಾವ ಯಂತ್ರಕ್ಕೂ ಕೂಡುವುದಿಲ್ಲ, ಹಾಗಾಗಿ ಯಾರಿಗೂ ಸಂಶಯ ಬರಲಿಲ್ಲ. ಫೋಟೊ ನೋಡಲಿಲ್ಲವೇ ಎಂದು ಕೇಳಿದೆ. ಆಧಾರ್ ಫೋಟೊದಲ್ಲಿ ಎಲ್ಲರೂ ಒಂದೇ ಥರ, ಆಗಲೇ ಸತ್ತವರ ಹಾಗೆ ಕಾಣುತ್ತಾರೆ. ಅವರೂ ಅದನ್ನೇ ಹೇಳಿದರು, ಬೇರೆ ಮಾತಿನಲ್ಲಿ.

ಮರಣ ನೋಂದಣಿಯ ಕಿಟಕಿಯಲ್ಲಿ ಕೂತಿದ್ದವನು ಕೆಟ್ಟವನಲ್ಲ. ಸಗೀರಾಳಿಗೆ, ವಿಧವಾ ವೇತನ ಬೇಕಿದ್ದರೆ ಅರ್ಜಿ ಕೊಡಿ ಎಂದ. ದಾವಲಮಲಿಕ ಅವನ ಮುಂದೆ ಕೆಮ್ಮಿದ, ಬದುಕಿರುವವರು ಕೆಮ್ಮುವ ಹಾಗೆ. ಅವನು ತಲೆ ಎತ್ತಿ ನಿಜವಾಗಿಯೂ ಮರುಕದಿಂದ ಹೇಳಿದ:

"ನೀವು ಜೀವಂತ ಅದೀರಿ, ಕಾಣಸ್ತೈತಿ. ಆದ್ರ ಒಬ್ಬಂವ ಸತ್ತದ್ದೂ ಖರೆ ಐತಿ. ಸತ್ತಂವ ಯಾರು ಹೇಳ್ರಿ. ಅಂವನ ಹೆಸರು ಹಚ್ಚತೇವಿ, ನಿಮ್ಮದು ತಗೀತೇವಿ. ಹೆಸರ ಇಲ್ದ ಹೆಣಾ ಹೆಂಗ ಬರಕೊಳ್ಳೂದು?"

ಸತ್ತವನನ್ನು ಕಳ್ಳ ಎನ್ನಲು ನನ್ನ ನಾಲಿಗೆ ಏಳುವುದಿಲ್ಲ, ಸಾಧು ಎನ್ನಲೂ ಏಳುವುದಿಲ್ಲ. ಜೀವ ಉಳಿಸಿಕೊಳ್ಳಲು ಇನ್ನೊಬ್ಬನ ಹೆಸರಿನೊಳಗೆ ಹೊಕ್ಕ, ಜೀವ ಉಳಿಯಲಿಲ್ಲ, ಹೊರಗೆ ಬರಲು ಮರೆತ. ಅವನ ಸ್ವಂತ ಕಾರ್ಡು ಎಲ್ಲಿತ್ತು, ಅದನ್ನು ಯಾರು ರದ್ದು ಮಾಡಿದರು, ಅಥವಾ ಯಾರೂ ಕೊಡಲೇ ಇಲ್ಲವೋ, ಅದನ್ನು ಕೇಳಲು ಅವನಿಲ್ಲ.

ಮಿರಗದ, ಅಂದರೆ ಮೃಗಶಿರಾ ನಕ್ಷತ್ರದ, ಮೊದಲ ಮಳೆ ಬಿದ್ದ ಮೇಲೆ ಒಂದು ಗುರುವಾರ ಬೆಳಿಗ್ಗೆ, ದಾವಲಮಲಿಕ ಮನೆಯ ಮುಂದೆ ಗಾದಿ ಹೊಲಿಯುತ್ತಿದ್ದ. ಒಬ್ಬ ಹೆಂಗಸು ಬಂದು ನೀರು ಕೇಳಿದಳು. ನಡುವಯಸ್ಸು, ಬರಿಗಾಲು, ಕೈಯಲ್ಲಿ ಸಣ್ಣ ಗಂಟು. ಸಗೀರಾ ತಂಬಿಗೆ ಕೊಟ್ಟಳು. ಆಕೆ ಕುಡಿಯಲಿಲ್ಲ. ತಂಬಿಗೆ ಹಿಡಿದುಕೊಂಡು ದಾವಲಮಲಿಕನನ್ನು ನೋಡುತ್ತ ನಿಂತಳು. ಕಾಲು ನೋಡಿದಳು, ಕೈ ನೋಡಿದಳು, ಮುಖ ನೋಡಿದಳು.

"ನಿಮ್ಮ ಹೆಸರೇನ್ರಿ?"

"ದಾವಲಮಲಿಕ."

ಆಕೆ ಸೆರಗು ಬಾಯಿಗೆ ಒತ್ತಿ ಹಿಡಿದಳು. ತಂಬಿಗೆಯನ್ನು ಕಟ್ಟೆಯ ಮೇಲೆ ಇಟ್ಟು, ಬೆನ್ನು ತಿರುಗಿಸದೆ, ಹಿಂದೆ ಹಿಂದೆ ಹೆಜ್ಜೆ ಇಟ್ಟು ಓಣಿಯ ತಿರುವಿನ ತನಕ ಹೋದಳು. ಆಮೇಲೆ ಕಾಣಲಿಲ್ಲ. ಸತ್ತವನ ಮನೆಯವಳಿರಬೇಕು ಎಂದು ಸಗೀರಾಳಿಗೆ ತಟ್ಟನೆ ಹೊಳೆಯಲಿಲ್ಲ. ಹೊಳೆದಾಗ ಇಬ್ಬರೂ ಖಬರಸ್ತಾನಕ್ಕೆ ಓಡಿದರು. ಬದುವಿನ ಮೇಲಿನ ಗುಪ್ಪೆಯ ತಲೆಯ ಕಡೆ, ಹಸಿ ಮಣ್ಣಿನ ಮೇಲೆ, ಹಳದಿ ಭಂಡಾರ ಚೆಲ್ಲಿತ್ತು. ಗುಪ್ಪೆಯ ಸುತ್ತ ಬರಿಗಾಲಿನ ಹೆಜ್ಜೆ. ಆಕೆ ಮೊದಲು ಇಲ್ಲಿಗೆ ಬಂದು, ಆಮೇಲೆ ಮನೆಗೆ ಬಂದಿದ್ದಳು. ಇಲ್ಲಿ ಹೂತದ್ದು ದಾವಲಮಲಿಕನನ್ನು ಎಂದು ದಾರಿಯಲ್ಲಿ ಯಾರೋ ಹೇಳಿರಬೇಕು. ಆ ಹೆಸರಿನವನು ಗಾದಿ ಹೊಲಿಯುತ್ತ ಕೂತದ್ದನ್ನು ಕಂಡಾಗ ಆಕೆಗೆ ಏನನಿಸಿತೋ.

ಬಸ್ಸಿನವರನ್ನು ಕೇಳಿದೆವು. ಬಾಗೇವಾಡಿ ಕಡೆಯಿಂದ ಬಂದಳು ಎಂದು ಒಬ್ಬ, ಇಂಡಿ ಕಡೆಯಿಂದ ಎಂದು ಇನ್ನೊಬ್ಬ.

ದಾವಲಮಲಿಕ ಈಗ ಕೆಲಸಕ್ಕೆ ಹೋಗುತ್ತಾನೆ, ಕೂಲಿಯನ್ನು ಕೈಗೆ ಕೊಡುವವರ ಹತ್ತಿರ ಮಾತ್ರ. ಪಾಕೀಟು ಗೂಡಿನಲ್ಲಿದೆ. ಗಂಟು ಹಾಕಿದ ಸೀರೆಯನ್ನು ಸಗೀರಾ ಉಡುವುದಿಲ್ಲ, ಗಂಟನ್ನೂ ಬಿಚ್ಚಿಲ್ಲ. ಗುರುವಾರ ಅವನು ಗುಪ್ಪೆಯ ಹತ್ತಿರ ಹೋಗಿ ಕೂಡುತ್ತಾನೆ. ಗಾದಿಯ ಮೇಲೆ ಆಡಿಸುವ ಹಾಗೆ ಇಲ್ಲಿಯೂ ಅಂಗೈ ಆಡಿಸುತ್ತೀಯಾ ಎಂದು ಕೇಳಿದೆ. ಇಲ್ಲ ಎಂದ.

"ಏ ಇಂಥವನ, ಏಳು ಅನ್ನಬೇಕಲ್ಲ. ಏನಂತ ಕರೀಲಿ? ನನ್ನ ಹೆಸರ ಹಿಡದ ಕರದ್ರ ನಾನ ಏಳಬೇಕಾಗತೈತಿ."

ಈಗ ಇದನ್ನು ಓದುತ್ತಿರುವ ನಿಮಗೆ. ಇಂಡಿಯವರಿರಿ, ಮುದ್ದೇಬಿಹಾಳದವರಿರಿ, ಬಾಗೇವಾಡಿ, ಸಿಂದಗಿಯವರಿರಿ, ನಿಮ್ಮ ಓಣಿಯಿಂದ ಈ ಬೇಸಿಗೆಯಲ್ಲಿ ಒಬ್ಬ ಗಂಡಸು ಹೊರಗೆ ಹೋದವನು ತಿರುಗಿ ಬಂದಿಲ್ಲ. ಬಲತೋಳಿನ ಮೇಲೆ ರುಕ್ಮವ್ವ ಎಂದು ಹಚ್ಚೆ, ಬಾತ ಕಾಲು, ಎರಡು ಮಾತಿಗೊಮ್ಮೆ ಕಟ್ಟುವ ಉಸಿರು. ದುಡಿಯಲು ಹೋಗಿದ್ದಾನೆ ಎಂದು ಅವನ ಮನೆಯವರು ಹೇಳಿದ್ದನ್ನು ನೀವು ನಂಬಿದಿರಿ, ಇಲ್ಲವೇ ನಂಬಿದ ಹಾಗೆ ಮಾಡಿದಿರಿ. ಕೇಸಿಗೆ ಹೆದರಬೇಡಿ, ತನ್ನ ದೂರನ್ನು ಮುಂದುವರಿಸುವುದಿಲ್ಲ ಎಂದು ಬರೆದುಕೊಡಲು ದಾವಲಮಲಿಕ ತಯಾರಿದ್ದಾನೆ. ಭಂಡಾರ ಚೆಲ್ಲಿ ಹೋದವಳು ನೀನೇ ಆಗಿದ್ದರೆ, ತಾಯಿ, ನೀರು ಕುಡಿಯದೆ ಹೋಗಿದ್ದೀ, ತಂಬಿಗೆ ಅಲ್ಲೇ ಇದೆ. ಯಂಕಂಚಿಗೆ ಬನ್ನಿ. ಅವನ ಹೆಸರು ಹೇಳಿ.